ಚುನಾವಣೆಗೆ ಮೊದಲೇ ತರಬೇತಿ ಕೊಡಿ: ಗ್ರಾಮೀಣಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ ವಂದನೆಗಳು.

ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಮೊದಲೇ, 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ, ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟ ರಾಜ್ಯ ನಮ್ಮದು. ಆ ವ್ಯವಸ್ಥೆಗೆ ರೂಪ ಕೊಟ್ಟ ಅಂದಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಹೆಸರನ್ನೇ ಹೊತ್ತ ಮೈಸೂರಿನ ಸಂಸ್ಥೆ ಇಂದಿಗೂ ಪಂಚಾಯಿತಿ ಸದಸ್ಯರಿಗೆ ತರಬೇತಿ ನೀಡುತ್ತಿದೆ. ಆದರೆ ಈ ಸದಸ್ಯತ್ವದ ಪಾಠ ದೊರೆಯುವುದು ಗೆದ್ದವರಿಗೆ, ಅದೂ ಗೆದ್ದ ಮೇಲೆ. ಇದನ್ನು ಬದಲಿಸಬೇಕೆಂಬುದು ನನ್ನ ಕೋರಿಕೆ.

ಮೀಸಲು ಕ್ಷೇತ್ರದಿಂದ ಮೊದಲ ಸಲ ಆಯ್ಕೆಯಾದ ಮಹಿಳೆಯ ಸ್ಥಿತಿಯನ್ನು ಗಮನಿಸಿ. ಕ್ರಿಯಾಯೋಜನೆ ಎಂದರೇನು, ಹಣಕಾಸು ಆಯೋಗದ ಅನುದಾನದಲ್ಲಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾದ ಪಾಲು ಎಷ್ಟು, ಸಭಾ ನಡವಳಿಯಲ್ಲಿ ತನ್ನ ಆಕ್ಷೇಪವನ್ನು ಬರೆಸುವುದು ಹೇಗೆ ಎಂಬುದು ತಿಳಿಯುವಷ್ಟರಲ್ಲಿ ಅವಧಿಯ ಒಂದು ಭಾಗ ಕಳೆದಿರುತ್ತದೆ. ಅಲ್ಲಿಯವರೆಗೆ ಕಡತ ಓದುವವರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಮಾತಾಡುವವರು ಗಂಡ. ಅಧ್ಯಕ್ಷೆಯಾದರಂತೂ ಇರುವುದೇ 30 ತಿಂಗಳು. ಕಲಿತು ಗಟ್ಟಿಯಾಗುವ ಹೊತ್ತಿಗೆ ಮೀಸಲಾತಿ ಬೇರೆ ವರ್ಗಕ್ಕೆ ತಿರುಗಿ, ಆಕೆ ಮನೆಗೆ ಮರಳುತ್ತಾಳೆ. ಅವಳ ಜಾಗಕ್ಕೆ ಬರುವವರು ಮತ್ತೆ ಮೊದಲಿನಿಂದ ಕಲಿಯಬೇಕು. ಮೀಸಲಾತಿಯ ಆವರ್ತನ ಬೇಡವೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಈ ಹೆಣ್ಣುಮಗಳು ಪಂಚಾಯಿತಿ ಕಟ್ಟೆ ಹತ್ತುತ್ತಲೇ ಇರಲಿಲ್ಲ. ಆವರ್ತನ ಉಳಿಯಬೇಕಾದರೆ ಪ್ರತಿ ವಾರ್ಡಿನಲ್ಲೂ ಸಿದ್ಧರಾದವರು ಹತ್ತಾರು ಮಂದಿ ಇರಬೇಕು.

ಅಂಥವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಲ್ಲಿ ಸಾಲದ ಲೆಕ್ಕ ಬರೆಯುವ ಮಹಿಳೆಯರು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸದಸ್ಯರು, ಹಾಲಿನ ಸಂಘದಲ್ಲಿ ಕೆಲಸ ಮಾಡಿದವರು, ಓದು ಮುಗಿಸಿ ಊರಲ್ಲೇ ಉಳಿದ ಯುವಕ ಯುವತಿಯರು ಎಲ್ಲ ಕಡೆ ಇದ್ದಾರೆ. ಅವರಿಗಾಗಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ, ಸುಗ್ಗಿ ಕಳೆದ ತಿಂಗಳುಗಳಲ್ಲಿ, ಸಂಜೆಯ ತರಗತಿ ನಡೆಯಲಿ. ತಾಲ್ಲೂಕು ಕೇಂದ್ರದ ಸಭಾಂಗಣದಲ್ಲಿ ಪರದೆಯ ಮೇಲೆ ಪಾಠ ತೋರಿಸಿ, ಊಟ ಹಾಕಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಕಳಿಸುವ ತರಬೇತಿಗೆ ಕೂಲಿ ಬಿಟ್ಟು ಬರುವಂತೆ ಯಾರನ್ನಾದರೂ ಕೇಳುವುದು ನ್ಯಾಯವಲ್ಲ. ವಯಸ್ಕರಿಗೆ ಪಠ್ಯಪುಸ್ತಕಕ್ಕಿಂತ ತಮ್ಮದೇ ಪಂಚಾಯಿತಿಯ ಕಳೆದ ವರ್ಷದ ಜಮಾ ಖರ್ಚು ಹೆಚ್ಚು ಕಲಿಸುತ್ತದೆ: ಯಾವ ಬೀದಿಯ ಚರಂಡಿಗೆ ಎಷ್ಟು ಹಣ ಹೋಯಿತು ಎಂಬುದನ್ನು ಗಟ್ಟಿಯಾಗಿ ಓದಿದರೆ ಅಕ್ಷರ ಬಾರದವರೂ ಪ್ರಶ್ನೆ ಕೇಳುತ್ತಾರೆ. ಮುಂದಿನ ವಾರ್ಡ್ ಸಭೆಯೇ ಅವರ ಪರೀಕ್ಷೆಯಾಗಲಿ.

ಬೋಧಕರಾಗಿ ಮಾಜಿ ಸದಸ್ಯೆಯರನ್ನು ಗೌರವಧನ ಕೊಟ್ಟು ನೇಮಿಸಿ. ಅವರ ಅನುಭವಕ್ಕೆ ಸರ್ಕಾರ ಆಗಲೇ ಖರ್ಚು ಮಾಡಿದೆ.

ಹೀಗೆ ಕಲಿತವರೆಲ್ಲ ಚುನಾವಣೆಗೆ ನಿಲ್ಲುವುದಿಲ್ಲ, ನಿಂತವರೆಲ್ಲ ಗೆಲ್ಲುವುದೂ ಇಲ್ಲ. ಸೋತವರು ಗ್ರಾಮಸಭೆಯಲ್ಲಿ ಎದುರು ಕುಳಿತು ಲೆಕ್ಕ ಕೇಳಿದರೂ ಪಂಚಾಯಿತಿಗೆ ಲಾಭವೇ. ಮೊದಲ ಹಂತದಲ್ಲಿ ಪ್ರತಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಆರಂಭಿಸಲು ಆದೇಶ ಹೊರಡಿಸಬೇಕೆಂದು, ಅದಕ್ಕೆ ಬೇಕಾದ ಹಣವನ್ನು ಮುಂದಿನ ಆಯವ್ಯಯದಲ್ಲಿ ತೋರಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಗ್ರಾಮ ಪಂಚಾಯಿತಿಯ ಒಬ್ಬ ಮತದಾರ