ಮೀಟಿಂಗ್ ಊಟದ ಲೆಕ್ಕದಲ್ಲಿ ಮನೆಯಿಂದ ಕೆಲಸ ಮಾಡುವವರೂ ಇರಲಿ

ಮಾನ್ಯ ಸಂಪಾದಕರೇ,

ಹಾಸನದಲ್ಲಿ ಆಫೀಸು ಮೀಟಿಂಗುಗಳಿಗೆ ಮಧ್ಯಾಹ್ನದ ಊಟ ಮಾಡಿಕೊಡುವ ಸಣ್ಣ ಕೇಟರಿಂಗ್ ನಮ್ಮದು. ಕೋವಿಡ್ ಆದಮೇಲೆ ಈ ಮೀಟಿಂಗುಗಳ ರೀತಿಯೇ ಬೇರೆಯಾಗಿದೆ. ಒಂದಷ್ಟು ಜನ ಆಫೀಸಿನಲ್ಲಿ ಕೂತಿರುತ್ತಾರೆ, ಉಳಿದವರು ಬೇಲೂರು, ಅರಸೀಕೆರೆ, ಸಕಲೇಶಪುರದ ತಮ್ಮ ಮನೆಗಳಿಂದ, ಕೆಲವರು ಇದೇ ಊರಿನ ಇನ್ನೊಂದು ಬಡಾವಣೆಯಿಂದ ಲ್ಯಾಪ್‌ಟಾಪಿನಲ್ಲಿ ಸೇರಿಕೊಳ್ಳುತ್ತಾರೆ. ಆದರೆ ಊಟದ ಏರ್ಪಾಡು ಮಾತ್ರ ಎಲ್ಲರೂ ಒಂದೇ ಕಡೆ ಕೂರುತ್ತಿದ್ದ ಕಾಲದ್ದೇ ಇದೆ. ಆಫೀಸು ನಡೆಸುವವರು ಇದನ್ನು ಸ್ವಲ್ಪ ಯೋಚಿಸಲಿ ಎಂದು ಬರೆಯುತ್ತಿದ್ದೇನೆ.

ತೊಂದರೆ ತಲೆ ಲೆಕ್ಕದಿಂದಲೇ ಶುರು. ಹಿಂದಿನ ದಿನ ಫೋನ್ ಮಾಡಿ ನಲವತ್ತು ಊಟ ಎನ್ನುತ್ತಾರೆ. ಅದು ಮೀಟಿಂಗಿನ ಪಟ್ಟಿಯಲ್ಲಿರುವ ಹೆಸರುಗಳ ಲೆಕ್ಕ. ನಾವು ಬೆಳಗಿನ ಜಾವ ಎದ್ದು ಬೇಳೆ ಬೇಯಿಸಿ, ತರಕಾರಿ ಹೆಚ್ಚಿ, ಎಲ್ಲ ಹಾಟ್ ಬಾಕ್ಸಿಗೆ ತುಂಬಿಕೊಂಡು ಹೋದರೆ ಅಲ್ಲಿ ಇಪ್ಪತ್ತೈದು ಜನ ಇರುತ್ತಾರೆ, ಮಿಕ್ಕವರೆಲ್ಲ ಗೋಡೆಯ ಟಿವಿಯಲ್ಲಿ! ಅನ್ನ, ಸಾಂಬಾರು, ಪಲ್ಯ ಮಿಕ್ಕುತ್ತದೆ. ಯಾರ ಹೆಸರಿನಲ್ಲಿ ಅದನ್ನು ಮಾಡಿದ್ದೆವೋ ಅವರು ಅದೇ ಹೊತ್ತಿಗೆ ಮನೆಯಲ್ಲಿ ಹಸಿದು ಕೂತಿರುತ್ತಾರೆ.

ಮಿಕ್ಕಿದ್ದನ್ನು ಯಾರಿಗಾದರೂ ಕೊಡಬಹುದಲ್ವಾ ಎಂದು ಕೇಳುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮುಗಿದರೆ ಖಂಡಿತ ಕೊಡಬಹುದು. ಆದರೆ ಒಂದು ಗಂಟೆಗೆ ಎಂದ ಊಟ ಮೀಟಿಂಗ್ ಎಳೆದೂ ಎಳೆದೂ ಎರಡೂವರೆಗೆ ಹೋಗಿರುತ್ತದೆ. ಬೇಯಿಸಿದ ಅಡುಗೆ ಬಡಿಸುವ ತನಕ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಅದನ್ನು ಎರಡು ಗಂಟೆಗಿಂತ ಜಾಸ್ತಿ ಹೊತ್ತು ಸುಮ್ನೆ ಹೊರಗೆ ಇಡಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಟ್ ಬಾಕ್ಸಿನ ಮುಚ್ಚಳ ಮತ್ತೆ ಮತ್ತೆ ತೆಗೆದು ಹಾಕಿದರೆ ಆ ಬಿಸಿ ಉಳಿಯುವುದಿಲ್ಲ. ಮೂರೂವರೆಗೆ ಮಿಕ್ಕ ಅನ್ನವನ್ನು ಹಾಸ್ಟೆಲ್ ಮಕ್ಕಳಿಗೆ ಕೊಡಲು ನನಗೆ ಧೈರ್ಯ ಬರುವುದಿಲ್ಲ. ಹಾಗಾಗಿ ಅದು ತಿಪ್ಪೆಗೆ ಹೋಗುತ್ತದೆ. ದುಡ್ಡು ಕೊಟ್ಟಿದ್ದೀವಲ್ಲ ಎನ್ನುತ್ತಾರೆ, ಆದರೂ ಅನ್ನ ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ.

ಇನ್ನು ವರ್ಕಿಂಗ್ ಲಂಚ್. ಆಫೀಸಿನವರು ತಟ್ಟೆ ಮುಂದಿಟ್ಟುಕೊಂಡು ತಿನ್ನುತ್ತಾ ಮಾತಾಡುತ್ತಾರೆ, ಮನೆಯಲ್ಲಿರುವವರು ಅದನ್ನು ನೋಡುತ್ತಾ ಕೂರಬೇಕು. ಮೈಕಿನ ಪಕ್ಕದಲ್ಲೇ ತಟ್ಟೆ ಚಮಚದ ಸದ್ದು, ಹಾಗಾಗಿ ಅವರಿಗೆ ಮಾತೂ ಸರಿಯಾಗಿ ಕೇಳುವುದಿಲ್ಲ. ಎದ್ದು ಹೋಗಿ ಒಂದು ತುತ್ತು ತಿಂದು ಬರೋಣ ಎಂದರೆ ಯಾವಾಗ ತಮ್ಮ ಹೆಸರು ಕೂಗುತ್ತಾರೋ ಎಂಬ ಭಯ. ಎದುರಿಗೆ ಒಬ್ಬರನ್ನು ಸುಮ್ನೆ ಕೂರಿಸಿಕೊಂಡು ನಾವು ಉಣ್ಣುವ ಪದ್ಧತಿ ನಮ್ಮ ಕಡೆ ಎಲ್ಲಿದೆ? ಪದ್ಧತಿಯ ಮಾತು ಬಿಡಿ, ಕಾನೂನೇ ಇದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ನಡುವೆ ಕಡಿಮೆ ಎಂದರೂ ಒಂದು ಗಂಟೆ ಬಿಡುವು ಕೊಡಬೇಕು. ಬಾಯಲ್ಲಿ ತುತ್ತು ಇಟ್ಟುಕೊಂಡು ಪ್ರಶ್ನೆಗೆ ಉತ್ತರ ಹೇಳುವುದನ್ನು ಬಿಡುವು ಎನ್ನಲು ಬರುವುದಿಲ್ಲ. ಕ್ಯಾಮೆರಾ, ಮೈಕ್ ಎರಡನ್ನೂ ಆಫ್ ಮಾಡಿ, ಇಷ್ಟು ಗಂಟೆಗೆ ವಾಪಸ್ ಬನ್ನಿ ಎಂದು ಹೇಳಿ, ಎಲ್ಲರೂ ಒಟ್ಟಿಗೆ ಊಟಕ್ಕೆ ಏಳಬೇಕು.

ಮನೆಯಲ್ಲಿರುವವರಿಗೆ ಊಟ ಮುಟ್ಟಿಸುವುದು ಅಂಥ ಕಷ್ಟವೇನಲ್ಲ. ವಿದ್ಯಾನಗರ, ಕುವೆಂಪುನಗರ, ಸಾಲಗಾಮೆ ರಸ್ತೆ ಕಡೆಯವರಿಗೆ ಅದೇ ಅಡುಗೆಯನ್ನು ಕ್ಯಾರಿಯರಿಗೆ ಹಾಕಿ ಒಂದು ಆಟೋದಲ್ಲಿ ಕಳಿಸಿದರೆ ಊಟದ ಹೊತ್ತಿಗೆ ಮುಂಚೆ ತಲುಪುತ್ತದೆ. ನಮಗೆ ವಿಳಾಸ ಬೇಕು, ಬಾಗಿಲು ತೆಗೆಯಲು ಯಾರಾದರೂ ಇರಬೇಕು, ಅಷ್ಟೇ. ಬೇಲೂರು, ಸಕಲೇಶಪುರ ಇಲ್ಲಿಂದ ಸುಮಾರು 40 ಕಿಲೋಮೀಟರ್, ಅಷ್ಟು ದೂರ ಬಿಸಿ ಅಡುಗೆ ಕಳಿಸಿ ಎಂದರೆ ನಾನೇ ಒಪ್ಪುವುದಿಲ್ಲ. ಅಲ್ಲಿನ ಒಂದು ಮೆಸ್ಸಿಗೆ ಆಫೀಸಿನವರೇ ಹಿಂದಿನ ದಿನ ಫೋನ್ ಮಾಡಿ ಯುಪಿಐನಲ್ಲಿ ದುಡ್ಡು ಹಾಕಿದರೆ ಮುಗಿಯಿತು, ಆ ಊರಿನವರಿಗೂ ನಾಲ್ಕು ಕಾಸು ವ್ಯಾಪಾರ ಆಗುತ್ತದೆ. ಬೆಂಗಳೂರಿನ ಹೆಡ್ ಆಫೀಸುಗಳು ಊಟ ತರಿಸುವ ಆ್ಯಪ್‌ನ ಕೂಪನ್ ಕಳಿಸಿ ಕೈ ತೊಳೆದುಕೊಳ್ಳುವುದುಂಟು. ಆಲೂರು ಕಡೆ ಕಾಫಿ ತೋಟದ ಮನೆಯಲ್ಲಿ ಕೂತು ಕೆಲಸ ಮಾಡುವ ಹುಡುಗಿ ಆ ಕೂಪನ್ ಇಟ್ಟುಕೊಂಡು ಏನು ಮಾಡಬೇಕು? ಆಫೀಸಿನಲ್ಲಿ ಒಂದು ಊಟಕ್ಕೆ ಎಷ್ಟು ಬೀಳುತ್ತದೋ ಅಷ್ಟನ್ನೇ ಅವಳ ಖಾತೆಗೆ ಹಾಕಿ.

ಅಡುಗೆ ಏನು ಎನ್ನುವುದನ್ನೂ ನಮ್ಮ ಹತ್ತಿರ ಕೇಳಿ ತೀರ್ಮಾನ ಮಾಡಿ. ಮುದ್ದೆ, ಬಸ್ಸಾರು ಎಂದರೆ ನಮ್ಮ ಜಿಲ್ಲೆಯವರಿಗೆ ಪ್ರಾಣ, ಸೊಗಡವರೆ ಕಾಲದಲ್ಲಂತೂ ಕಾಳಿನ ಸಾರೇ ಬೇಕು. ಆದರೆ ಮುದ್ದೆಯನ್ನು ಕಟ್ಟಿದ ಕೂಡಲೇ ಉಣ್ಣಬೇಕು, ಕ್ಯಾರಿಯರಿನಲ್ಲಿ ಒಂದು ಗಂಟೆ ಕೂತರೆ ಗಟ್ಟಿಯಾಗುತ್ತದೆ. ಅಕ್ಕಿ ರೊಟ್ಟಿಯೂ ಹಾಗೆಯೇ, ತಣ್ಣಗಾದರೆ ಬಿರುಸು. ಬಿಸಿಬೇಳೆಬಾತ್ ದೂರ ಹೋಗುವುದಾದರೆ ಸ್ವಲ್ಪ ತೆಳ್ಳಗೆ ಇಳಿಸುತ್ತೇವೆ, ಮನೆ ಮುಟ್ಟುವ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ಮೊಸರನ್ನಕ್ಕೆ ಹಾಲು ಜಾಸ್ತಿ ಹಾಕಿ ಮೊಸರು ಕಡಿಮೆ ಮಾಡಿದರೆ ಮಧ್ಯಾಹ್ನಕ್ಕೆ ಹುಳಿ ಬರುವುದಿಲ್ಲ. ಚಪಾತಿ, ಒಣ ಪಲ್ಯ, ಪುಳಿಯೋಗರೆಗೆ ಯಾವ ತಾಪತ್ರಯವೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಯಾರು, ಸಕ್ಕರೆ ಕಾಯಿಲೆ ಯಾರಿಗಿದೆ, ಅವತ್ತು ಸಂಕಷ್ಟಿಯೋ ರಂಜಾನ್ ಉಪವಾಸವೋ ಇರುವವರು ಎಷ್ಟು ಜನ, ಇದನ್ನೆಲ್ಲ ಒಂದು ವಾಟ್ಸಾಪ್ ಮೆಸೇಜಿನಲ್ಲಿ ಕೇಳಿ ತಿಳಿದುಕೊಳ್ಳಬಹುದು. ಕೇಳದೆ ತಂದಿಟ್ಟರೆ ಅವರು ಸಂಕೋಚಕ್ಕೆ ಬರೀ ಮಜ್ಜಿಗೆ ಕುಡಿದು ಏಳುತ್ತಾರೆ.

ಪಾರ್ಸೆಲ್ ಎಂದ ತಕ್ಷಣ ಪ್ಲಾಸ್ಟಿಕ್ ಡಬ್ಬಿ ಬೇಡ. ಪ್ಲಾಸ್ಟಿಕ್ ಮತ್ತು ಥರ್ಮೋಕೋಲ್ ತಟ್ಟೆ, ಲೋಟಗಳು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಗಿವೆ. ಸ್ಟೀಲ್ ಕ್ಯಾರಿಯರ್ ಕಳಿಸಿ ಸಂಜೆ ವಾಪಸ್ ತರಿಸಿಕೊಳ್ಳಬಹುದು, ಆಫೀಸಿನಲ್ಲಿ ಅಡಿಕೆ ಹಾಳೆ ತಟ್ಟೆ ಸಾಕು. ಮತ್ತೆ, ಯಾರ ಹತ್ತಿರ ಊಟ ತರಿಸಿದರೂ ಬಿಲ್ಲಿನ ಮೇಲೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇದೆಯಾ ನೋಡಿ.

ಕೊನೆಗೆ ಬಿಲ್ಲಿನ ವಿಷಯ. ಹೇಳಿದಷ್ಟು ಜನ ಬರಲಿಲ್ಲ ಎಂದು ಊಟ ಆದಮೇಲೆ ದುಡ್ಡು ಹಿಡಿದುಕೊಳ್ಳಬೇಡಿ. ಅಕ್ಕಿ, ಬೇಳೆ, ಗ್ಯಾಸ್ ಎಲ್ಲಕ್ಕೂ ನಾವು ಮೊದಲೇ ಕೊಟ್ಟಿರುತ್ತೇವೆ, ಬಡಿಸಲು ಬಂದ ಹೆಂಗಸರಿಗೆ ಅವತ್ತು ಸಂಜೆಯೇ ಕೂಲಿ ಕೊಡಬೇಕು. ಊಟ ಹೇಳುವಾಗ ಆಫೀಸಿನಲ್ಲಿ ಎಷ್ಟು, ಮನೆಗಳಿಗೆ ಎಷ್ಟು ಎಂದು ಎರಡು ಲೆಕ್ಕ ಕೊಡಿ. ಹಿಂದಿನ ದಿನ ಸಂಜೆ ಐದರೊಳಗೆ ಕೊಟ್ಟರೆ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಅಷ್ಟಕ್ಕೇ ತರಕಾರಿ ತರುತ್ತೇವೆ.

ಇಂತಿ,
ಕೇಟರಿಂಗ್ ನಡೆಸುವ ಒಬ್ಬ ಗೃಹಿಣಿ, ಹಾಸನ