ಮಕ್ಕಳ ಕೈಗೆ ಟಿಕೆಟ್ ಕೊಡಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ದಾವಣಗೆರೆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ದಾವಣಗೆರೆ ಸ್ಟೇಷನ್ನಿನಲ್ಲಿ ಕಂಡದ್ದನ್ನು ನಿಮಗೆ ಹೇಳಬೇಕು.

ಬೆಂಗಳೂರಿನ ರೈಲು 12 ಗಂಟೆ 40 ನಿಮಿಷಕ್ಕಿತ್ತು. ಪಕ್ಕದ ಬೆಂಚಿನಲ್ಲಿ ಒಬ್ಬ ರೈತರು, ಅವರ ಮಗಳು. ಬೆಳಿಗ್ಗೆ ಕಾಲೇಜಿನ ಪ್ರವೇಶಕ್ಕೆ ಅವಳು ಮೂಲ ದಾಖಲೆ ತೋರಿಸಬೇಕಿತ್ತು. ಫೈಲನ್ನು ಎದೆಗವಚಿಕೊಂಡು ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಟಿಕೆಟ್ ತೋರಿಸಿ, "ಸರ್, ಎಸ್4 ಬೋಗಿ ಎಲ್ಲಿ ನಿಲ್ಲುತ್ತೆ?" ಎಂದು ಕೇಳಿದಳು.

ಟಿಕೆಟ್ ನೋಡಿ ನನ್ನ ಎದೆ ಧಸಕ್ ಎಂದಿತು. ತಾರೀಕು 14, ಸಮಯ 00:40. ನಾವು ಮಾತಾಡುವ ಹೊತ್ತಿಗೆ ಹನ್ನೆರಡು ದಾಟಿ 15 ಆಗಿತ್ತು. 14ರ 00:40 ಅಂದರೆ 13ರ ರಾತ್ರಿ ಹನ್ನೆರಡು ದಾಟಿ ನಲವತ್ತು ನಿಮಿಷ. ಅವರ ರೈಲು ಹಿಂದಿನ ರಾತ್ರಿಯೇ ಹೋಗಿಬಿಟ್ಟಿತ್ತು.

"14ನೇ ತಾರೀಕು ರಾತ್ರಿ ಅಂತಲೇ ಇದೆಯಲ್ಲ?" ಎಂದರು ತಂದೆ. ನಾನು ಟಿಕೆಟ್ಟಿನ ಹಿಂದೆ ಒಂದು ಗಡಿಯಾರ ಬರೆದು ತೋರಿಸಿದೆ. ಹುಡುಗಿಗೆ ಕ್ಷಣದಲ್ಲಿ ಅರ್ಥವಾಯಿತು. "ಅಯ್ಯೋ, ಇದು ಪ್ರೈಮರಿ ಪಾಠ ಅಲ್ವಾ ಸರ್" ಎಂದು ಅತ್ತುಬಿಟ್ಟಳು. ಕೌಂಟರ್‌ನಲ್ಲಿ ಎರಡು ಜನರಲ್ ಟಿಕೆಟ್ ಕೊಡಿಸಿ ಹತ್ತಿಸಿದೆ. ಬೆಂಗಳೂರಿನಲ್ಲಿ ಇಳಿದಾಗ ಅವಳ ಕಣ್ಣು ಕೆಂಪಾಗಿತ್ತು. ರಾತ್ರಿಯಿಡೀ ನಿಂತೇ ಬಂದಿದ್ದಳು.

ಸರ್, ಆ ಪಾಠವನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ. "22:15 ಅನ್ನು 12 ಗಂಟೆ ಕ್ರಮದಲ್ಲಿ ಬರೆಯಿರಿ" ಎಂದು ಬೋರ್ಡಿನ ಮೇಲೆ ಬರೆದಿದ್ದೇನೆ. ಒಂದು ದಿನವೂ ಒಂದು ಟಿಕೆಟ್ ತಂದು ಮಕ್ಕಳಿಗೆ ತೋರಿಸಲಿಲ್ಲ. ಆ ಹುಡುಗಿ ನನ್ನ ಶಾಲೆಯವಳಲ್ಲ, ಆದರೂ ಅವಳ ಆ ರಾತ್ರಿಯಲ್ಲಿ ನನ್ನ ಪಾಲೂ ಇದೆ ಅಂತಲೇ ನನಗೆ ಅನ್ನಿಸುತ್ತದೆ.

ಅದಾದ ಮೇಲೆ ತರಗತಿಗೆ ಹಳೆಯ ಟಿಕೆಟ್‌ಗಳನ್ನು ಒಯ್ಯತೊಡಗಿದೆ. ಸ್ಲೀಪರ್ ಬೋಗಿಯಲ್ಲಿ ಬರ್ತ್ ಎಂಟೆಂಟರ ಗುಂಪಿನಲ್ಲಿರುತ್ತವೆ. ಬರ್ತ್ ಸಂಖ್ಯೆಯನ್ನು 8ರಿಂದ ಭಾಗಿಸಿ. ಶೇಷ 1 ಅಥವಾ 4 ಬಂದರೆ ಕೆಳಗಿನ ಬರ್ತ್, 2 ಅಥವಾ 5 ಬಂದರೆ ನಡುವಿನದು, 3 ಅಥವಾ 6 ಬಂದರೆ ಮೇಲಿನದು. 7 ಬಂದರೆ ಸೈಡ್ ಲೋವರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. "ಮಂಡಿ ನೋವಿರೋ ಅಜ್ಜಿಗೆ 43 ಬಂದಿದೆ, ಏನು ಮಾಡ್ತೀರಿ?" ಎಂದರೆ ಇಡೀ ತರಗತಿ ಲೆಕ್ಕಕ್ಕೆ ಕೂರುತ್ತಿತ್ತು. ಶೇಷ 3, ಅಂದರೆ ಅಪ್ಪರ್! ಅಜ್ಜಿ ಹತ್ತೋದು ಹೇಗೆ? ಯಾರನ್ನು ಕೇಳಬೇಕು, ಹೇಗೆ ಕೇಳಬೇಕು? ಭಾಗಾಕಾರದಿಂದ ಶುರುವಾದ ಪಾಠ ಮಾತಾಡುವ ರೀತಿಗೆ ಬಂದು ನಿಲ್ಲುತ್ತಿತ್ತು.

ನಿವೃತ್ತಿಗೆ ಒಂದು ವರ್ಷ ಇದ್ದಾಗ ಒಂಬತ್ತನೇ ತರಗತಿಯ 24 ಮಕ್ಕಳನ್ನು ದಾವಣಗೆರೆಯಿಂದ ರಾಣೆಬೆನ್ನೂರಿಗೆ ರೈಲಿನಲ್ಲಿ ಕರೆದುಕೊಂಡು ಹೋದೆ. ಕರೆದುಕೊಂಡು ಹೋದೆ ಅನ್ನೋದು ತಪ್ಪು, ಅವರೇ ಹೋದರು. ಆರಾರು ಮಕ್ಕಳ ನಾಲ್ಕು ಗುಂಪು. ರೈಲಿನ ಸಮಯ ವಿಚಾರಿಸುವುದು, ದುಡ್ಡು ಎಣಿಸುವುದು, ಟಿಕೆಟ್ ಕೊಳ್ಳುವುದು, ಪ್ಲಾಟ್‌ಫಾರಂ ಹುಡುಕುವುದು ಎಲ್ಲ ಅವರದೇ. ಜೊತೆಗಿದ್ದ ಇಬ್ಬರು ಶಿಕ್ಷಕರು ಬಾಯಿ ಬಿಡಬಾರದು ಎಂದು ನಿಯಮ ಮಾಡಿಕೊಂಡಿದ್ದೆವು. ಅಪಾಯ ಕಂಡರೆ ಮಾತ್ರ ಮಾತು.

ಒಂದು ಗುಂಪು ತಪ್ಪು ಪ್ಲಾಟ್‌ಫಾರಂಗೆ ಹೋಗಿ ನಿಂತಿತು. ನನ್ನ ಜೀವ ಬಾಯಿಗೆ ಬಂದಿತ್ತು. ಸುಮ್ನೆ ನಿಂತೆ. ಆ ಗುಂಪಿನಲ್ಲಿ ತರಗತಿಯಲ್ಲಿ ಬಾಯೇ ತೆಗೆಯದ ಹುಡುಗನೊಬ್ಬನಿದ್ದ. ಅವನೇ ಚಹಾ ಮಾರುವವರನ್ನು ಕೇಳಿದ. ಹಳಿ ದಾಟದೆ, ಮೇಲ್ಸೇತುವೆ ಹತ್ತಿ ಎಲ್ಲರನ್ನೂ ಈ ಕಡೆ ಕರೆತಂದ. ಹರಿಹರ ದಾಟಿ ತುಂಗಭದ್ರೆಯ ಸೇತುವೆ ಬಂದಾಗ ಎಲ್ಲ ಕಿಟಕಿಗೆ ಮುಗಿಬಿದ್ದರು. ಬಾಗಿಲ ಹತ್ತಿರ ಹೋಗುತ್ತಿದ್ದವನನ್ನು ಒಬ್ಬ ಹುಡುಗಿ ಅಂಗಿ ಹಿಡಿದು ಎಳೆದು ಕೂರಿಸಿದಳು. ನಾವು ಹೇಳಿರಲಿಲ್ಲ. ವಾಪಸ್ ಬರುವಾಗ ಚೈನ್ ಎಳೆಯುವ ಬಗ್ಗೆ ದೊಡ್ಡ ಚರ್ಚೆ. ಸುಮ್ಮಸುಮ್ಮನೆ ಎಳೆದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು ಎಂದೆ. ಹಾಗಾದರೆ ಅಜ್ಜಿ ಇಳಿಯುವಾಗ ಬಿದ್ದರೆ ಎಳೆಯಬಹುದಾ? ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡೋದು ಯಾವಾಗ? ನನ್ನ ಗಣಿತದ ತರಗತಿಯಲ್ಲಿ ಅಷ್ಟು ಪ್ರಶ್ನೆ ಯಾವತ್ತೂ ಬಂದಿರಲಿಲ್ಲ.

ನಮ್ಮಲ್ಲಿ ಇದಕ್ಕೆ ದಾರಿ ಇಲ್ಲ ಅಂತಲ್ಲ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದೆ. ಸೊಪ್ಪು, ನಿಂಬೆಹಣ್ಣು ಮಾರಿ ಚಿಲ್ಲರೆ ಕೊಡುವ ಮಗುವಿನ ಮುಖ ನೋಡಿದವರಿಗೆ ನಾನು ಹೇಳುತ್ತಿರುವುದು ಗೊತ್ತು. ಬ್ಯಾಗಿಲ್ಲದ ಸಂಭ್ರಮ ಶನಿವಾರ ಇದೆ. ಶಾಲಾ ಪ್ರವಾಸ ಇದೆ. ಆದರೆ ಪ್ರವಾಸದಲ್ಲಿ ಮಕ್ಕಳು ಬಾಗಿಲ ಮುಂದೆ ಬಂದ ಬಸ್ ಹತ್ತುತ್ತಾರೆ, ಮೇಷ್ಟ್ರು ತಲೆ ಎಣಿಸುತ್ತಾರೆ, ಅಷ್ಟೇ. ಗ್ರಾಮೀಣ ಸರ್ಕಾರಿ ಶಾಲೆಯ ಮಕ್ಕಳ ಅಧ್ಯಯನ ಪ್ರವಾಸಕ್ಕೆ ವರ್ಷಕ್ಕೊಮ್ಮೆ ಸೆಕೆಂಡ್ ಕ್ಲಾಸ್‌ನಲ್ಲಿ ರೈಲ್ವೆಯವರು 75% ರಿಯಾಯಿತಿ ಇಟ್ಟಿದ್ದಾರೆ. ಇದು ನಮ್ಮ ಎಷ್ಟು ಮುಖ್ಯ ಶಿಕ್ಷಕರ ಕಿವಿಗೆ ಬಿದ್ದಿದೆ?

ನನ್ನ ಬೇಡಿಕೆ ಒಂದೇ. ಎಸ್‌ಎಸ್‌ಎಲ್‌ಸಿ ಮುಗಿಯುವಷ್ಟರಲ್ಲಿ ರಾಜ್ಯದ ಪ್ರತಿ ಮಗುವೂ ಒಂದು ಪ್ರಯಾಣವನ್ನು ತಾನೇ ಯೋಚಿಸಿ, ತಾನೇ ಟಿಕೆಟ್ ಕೊಂಡು, ಹೋಗಿ ಬಂದಿರಬೇಕು. ಕೊಡಗಿನಲ್ಲಿ ರೈಲಿಲ್ಲ, ಅಲ್ಲಿ ಬಸ್ ಆಗಲಿ. ದಯವಿಟ್ಟು ಇದಕ್ಕೆ ಅಂಕ ಇಡಬೇಡಿ. ಅಂಕ ಇಟ್ಟರೆ ಇದಕ್ಕೂ ಗೈಡ್ ಬರುತ್ತದೆ, ಮಕ್ಕಳು ರೈಲು ಹತ್ತದೆಯೇ ಉತ್ತರ ಬಾಯಿಪಾಠ ಮಾಡುತ್ತಾರೆ.

ಶಿಕ್ಷಕರಿಗೆ ಮನಸ್ಸಿಲ್ಲ ಅಂತ ತಿಳಿಯಬೇಡಿ. ಅವರಿಗಿರುವುದು ಭಯ. ದಾರಿಯಲ್ಲಿ ಒಂದು ಮಗು ಜಾರಿ ಬಿದ್ದರೆ ಉತ್ತರ ಕೊಡುವವರು ಯಾರು? ಆ ದಿನ ನಾನೂ ಹೆದರಿಕೊಂಡೇ ಹೊರಟಿದ್ದೆ. ಅನುಮತಿ ಯಾರು ಕೊಡಬೇಕು, ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು, ಪೋಷಕರಿಂದ ಏನು ಬರೆಸಿಕೊಳ್ಳಬೇಕು, ವಿಮೆ ಯಾರದು ಎಂದು ಇಲಾಖೆಯಿಂದ ಸ್ಪಷ್ಟವಾಗಿ ಒಂದು ಸುತ್ತೋಲೆ ಬರಲಿ. ಪ್ರವಾಸದ ತಿಂಗಳುಗಳು ಶುರುವಾಗುವ ಮೊದಲೇ ಅದು ಶಾಲೆಗಳ ಕೈ ಸೇರಲಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ, ದಾವಣಗೆರೆ ಜಿಲ್ಲೆ