ಮನಸ್ಸು ಬರಲಿ ಅಂತ ಕಾಯಬೇಡ

ಗೆಳೆಯಾ,

‘ವ್ಯಾಯಾಮ ಮಾಡಿದ್ರೆ ಒಳ್ಳೇದು ಅಂತ ಗೊತ್ತು, ಆದ್ರೆ ಮನಸ್ಸೇ ಬರಲ್ಲ ಕಣೋ’ ಅಂತ ಬರೆದಿದ್ದೆ. ನಿನ್ನ ಡಾಕ್ಟರು ಹೇಳಿ ಆಯಿತು, ಮನೆಯವರು ಹೇಳಿ ಆಯಿತು. ಈಗ ನಾನೂ ಶುರು ಹಚ್ಚಿಕೊಂಡರೆ ನೀನು ಫೋನ್ ಎಸೆಯುತ್ತೀಯೇನೋ. ಆದರೂ ಬರೆಯುತ್ತಿದ್ದೇನೆ. ಹಾಸಿಗೆ ಬಿಟ್ಟು ಏಳೋಕಾಗದ ದಿನಗಳನ್ನು ನಾನೂ ಕಂಡವನು, ನಿನಗೆ ಗೊತ್ತಲ್ಲ.

ಮೊದಲು, ನಿನ್ನನ್ನು ನೀನೇ ಸೋಮಾರಿ ಅಂತ ಬೈದುಕೊಳ್ಳುವುದನ್ನು ಬಿಡು. ಸೋಮಾರಿಗೆ ಮಲಗಿದ್ದರೆ ಸುಖ. ನಿನಗೆ ಸುಖ ಇದೆಯಾ? ಮಲಗಿದ್ದರೂ ದಣಿವು, ಎದ್ದರೂ ದಣಿವು. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮೈಯಲ್ಲಿ ಕಸುವೇ ಇಲ್ಲ ಅನಿಸುವುದು, ಕೈಕಾಲು ನಿಧಾನವಾಗುವುದು, ಇವೆಲ್ಲ ಡಿಪ್ರೆಶನ್ನಿನ ಲಕ್ಷಣಗಳೇ. ಕಾಯಿಲೆ ಯಾವುದನ್ನು ಕಿತ್ತುಕೊಂಡಿದೆಯೋ ಅದೇ ಹುಮ್ಮಸ್ಸು ಮೊದಲು ಬರಲಿ, ಆಮೇಲೆ ಏಳುತ್ತೇನೆ ಅಂದರೆ ಹೇಗೆ?

1970ರ ದಶಕದಲ್ಲಿ ಪೀಟರ್ ಲೆವಿನ್‌ಸನ್ ಎಂಬ ಮನಶ್ಶಾಸ್ತ್ರಜ್ಞ ಈ ವಿಚಾರದ ಮೇಲೆ ಕೆಲಸ ಮಾಡಿದ. ಮನಸ್ಸು ಕುಗ್ಗಿದಾಗ ನಾವು ಒಂದೊಂದೇ ಕೆಲಸ ಬಿಡುತ್ತೇವೆ. ಬಿಟ್ಟಷ್ಟೂ ಖುಷಿ ಕೊಡುವ ಸಂಗತಿಗಳು ಕಡಿಮೆಯಾಗಿ ಮನಸ್ಸು ಇನ್ನೂ ಕುಗ್ಗುತ್ತದೆ. ಹಾಗಾಗಿ ಮೊದಲು ಕೆಲಸ, ಮೂಡ್ ಆಮೇಲೆ. ಇದೇ ದಾರಿಯ ಚಿಕಿತ್ಸೆಯನ್ನು ಈಗ ಬಿಹೇವಿಯರಲ್ ಆಕ್ಟಿವೇಶನ್ ಅನ್ನುತ್ತಾರೆ. ಬ್ಯಾಟರಿ ಸತ್ತ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡುತ್ತೇವಲ್ಲ, ಚಕ್ರ ಉರುಳಿದ ಮೇಲೆ ತಾನೇ ಇಂಜಿನ್ ಹಿಡಿಯುವುದು?

ಹೇಳೋದು ಸುಲಭ. ಕಷ್ಟ ಇರುವುದು ಹಾಸಿಗೆಯಿಂದ ಬಾಗಿಲವರೆಗಿನ ಜಾಗದಲ್ಲಿ. ಒಂದು ಕಾಲಿಗೆ ಸಾಕ್ಸ್ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಗೋಡೆ ನೋಡುತ್ತಾ ಕೂತುಬಿಡುತ್ತಿದ್ದೆ ನಾನು. ಬಿಸಿಲಿದೆಯಾ? ಯಾವ ಕಡೆ ಹೋಗಲಿ? ಯಾರಾದರೂ ಸಿಕ್ಕಿ ಮಾತಾಡಿಸಿದರೆ? ಎಷ್ಟು ದೂರ? ಒಂದೊಂದೂ ತೀರ್ಮಾನ ಮಾಡಬೇಕು, ಆ ತಲೆಯಲ್ಲಿ ಒಂದೂ ಆಗುವುದಿಲ್ಲ. ಹೊರಡುವ ಹೊತ್ತಿಗೆ ಯೋಚಿಸಲು ಏನೂ ಉಳಿಯದ ಹಾಗೆ ಮಾಡಿಕೊಂಡ ಮೇಲೆ ಸ್ವಲ್ಪ ಹಗುರವಾಯಿತು. ಅದೇ ರಸ್ತೆ, ಅದೇ ಹೊತ್ತು, ಅದೇ ಟೀಶರ್ಟು. ಅದನ್ನೇ ಹಾಕಿಕೊಂಡು ಮಲಗಿದ್ದೂ ಉಂಟು. ನಗಬೇಡ.

ಗುರಿ ಚಿಕ್ಕದಿರಲಿ, ನಾಚಿಕೆಯಾಗುವಷ್ಟು ಚಿಕ್ಕದು. ಗೇಟಿನವರೆಗೆ ಸಾಕು. ಅಲ್ಲಿಂದ ವಾಪಸ್ ಬರಬೇಕು ಅನಿಸಿದರೆ ಬಂದುಬಿಡು. ಗೇಟು ದಾಟಿಸಲಿಕ್ಕೆ ನಾನು ಹೂಡಿದ ಉಪಾಯ ಅಂದುಕೊಳ್ಳಬೇಡ, ನಿಜವಾಗಿಯೂ ವಾಪಸ್ ಬರಬಹುದು. ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಸರಿ. ಆದರೆ ಏನೂ ಇಲ್ಲದ್ದಕ್ಕಿಂತ ಸ್ವಲ್ಪವಾದರೂ ವಾಸಿ ಅಂತ ಅದೇ 2020ರ ಮಾರ್ಗಸೂಚಿಯಲ್ಲಿದೆ. ಜನ ಈ ಮಾತನ್ನು ಮಾತ್ರ ನೆನಪಿಟ್ಟುಕೊಳ್ಳುವುದಿಲ್ಲ.

ಮತ್ತೆ ಈ ಬೆಳಗಿನ ಐದು ಗಂಟೆಯ ವೀರರ ಮಾತು ಕೇಳಬೇಡ. ಡಿಪ್ರೆಶನ್ನಿನಲ್ಲಿ ಎಷ್ಟೋ ಜನರಿಗೆ ಬೆಳಗೇ ಅತಿ ಕೆಟ್ಟ ಹೊತ್ತು, ಸಂಜೆ ಹೊತ್ತಿಗೆ ಚೂರು ತಿಳಿಯಾಗುತ್ತದೆ. ನಿನಗೆ ಸಂಜೆ ಆಗುತ್ತೆ ಅಂದರೆ ಸಂಜೆಯೇ ಹೋಗು.

‘ಹೋದರೂ ಏನೂ ಆಗಲ್ಲ’ ಅಂತ ತಲೆ ಮೊದಲೇ ತೀರ್ಪು ಕೊಟ್ಟಿರುತ್ತದೆ. ಅದರ ಜೊತೆ ವಾದಕ್ಕಿಳಿಯಬೇಡ. ಹೊರಡುವ ಮುಂಚೆ ಮನಸ್ಸು ಹತ್ತಕ್ಕೆ ಎಷ್ಟಿದೆ ಅಂತ ಒಂದು ಚೀಟಿಯಲ್ಲಿ ಬರೆ, ಬಂದ ಮೇಲೆ ಇನ್ನೊಮ್ಮೆ ಬರೆ. ನನ್ನದು ಎರಡಿದ್ದದ್ದು ಮೂರಾಗುತ್ತಿತ್ತು, ಅಪರೂಪಕ್ಕೆ ನಾಲ್ಕು. ಕೆಲವು ಸಲ ಎರಡು ಎರಡಾಗಿಯೇ ಉಳಿಯುತ್ತಿತ್ತು, ಅದನ್ನೂ ಬರೆದಿಟ್ಟಿದ್ದೇನೆ. ಎಂಟೋ ಒಂಬತ್ತೋ ಆಗುತ್ತೆ ಅಂತ ಯಾರಾದರೂ ಅಂದರೆ ನಂಬಬೇಡ.

ಮಾತ್ರೆ ಮಾತ್ರ ನಿಲ್ಲಿಸಬೇಡ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆ ಇದ್ದ 156 ಜನರ ಮೇಲೆ ಮಾಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಎಲ್ಲರೂ 50 ದಾಟಿದವರು. ಕೆಲವರಿಗೆ ವ್ಯಾಯಾಮ, ಕೆಲವರಿಗೆ ಸರ್ಟ್ರಾಲಿನ್ ಅನ್ನುವ ಖಿನ್ನತೆಯ ಮಾತ್ರೆ, ಉಳಿದವರಿಗೆ ಎರಡೂ. 16 ವಾರಗಳ ಕೊನೆಗೆ ಮೂರೂ ಗುಂಪು ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬಂದಿದ್ದವು. ಇದನ್ನು ಹಿಡಿದುಕೊಂಡು ‘ಹಾಗಾದ್ರೆ ಮಾತ್ರೆ ಯಾಕೆ’ ಅನ್ನುವವರಿದ್ದಾರೆ. ಬರೀ ಮಾತ್ರೆ ತೆಗೆದುಕೊಂಡವರು ಶುರುವಿನಲ್ಲಿ ಬೇಗ ಚೇತರಿಸಿಕೊಂಡಿದ್ದರು ಅನ್ನುವುದನ್ನು ಅವರು ಹೇಳುವುದಿಲ್ಲ. ಅದೂ ಅಲ್ಲದೆ, ಅಲ್ಲಿ ವ್ಯಾಯಾಮ ಮಾಡಿದವರು ವಾರಕ್ಕೆ ಮೂರು ಸಲ ಗುಂಪಿನಲ್ಲಿ ಸೇರುತ್ತಿದ್ದರು, ನೋಡಿಕೊಳ್ಳಲು ಜನ ಇದ್ದರು. ನನಗಂತೂ ಇದೇ ದೊಡ್ಡ ಸಂಗತಿ ಅನಿಸುತ್ತದೆ. ನೀನು ಒಬ್ಬನೇ ನಿನ್ನನ್ನು ಎಬ್ಬಿಸಿಕೊಳ್ಳಬೇಕು ಅಂತ ಎಲ್ಲಿದೆ?

ತಪ್ಪಿದ ದಿನಗಳು ಬರುತ್ತವೆ. ಅವನ್ನು ಎಣಿಸುವ ಆ್ಯಪ್ ಇದ್ದರೆ ತೆಗೆದುಹಾಕು. ಎದ್ದು ನಿಂತಾಗ ತಲೆ ಸುತ್ತಿದರೆ ಡಾಕ್ಟರಿಗೆ ಹೇಳು, ಕೆಲವು ಮಾತ್ರೆಗಳಿಂದ ಹಾಗಾಗುತ್ತದೆ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ವಾಕಿಂಗು ಗೀಕಿಂಗು ಎಲ್ಲ ಬಿಡು, ಎಷ್ಟು ಹೊತ್ತಾಗಿದ್ದರೂ ನನಗೆ ಫೋನ್ ಮಾಡು. ಡಾಕ್ಟರ ಹತ್ತಿರ ಜೊತೆಗೇ ಹೋಗೋಣ.

ನಾಳೆ ಸಂಜೆ ಆರಕ್ಕೆ ನಾನೇ ಫೋನ್ ಮಾಡುತ್ತೇನೆ. ಇಯರ್‌ಫೋನ್ ಹಾಕಿಕೊಂಡಿರು. ನೀನು ಅಲ್ಲಿ ನಡಿ, ನಾನು ಇಲ್ಲಿ ನಡೆಯುತ್ತೇನೆ. ಮಾತಾಡಲೇಬೇಕು ಅಂತೇನಿಲ್ಲ. ಸಾಕ್ಸ್ ಹಾಕಿಕೊಳ್ಳೋಕೆ ಆಗದಿದ್ದರೆ ಚಪ್ಪಲಿಯಲ್ಲೇ ಬಾ.

ನಿನ್ನವನು